ಟೇಪಿನ ತುದಿ

ಪ್ರಾರ್ಥನಾ ಮಂದಿರದ ಹಿಂದಿನ ಖಾಲಿ ಜಾಗದಲ್ಲಿ ಬಡವರಿಗೆ ಅಗ್ಗದ ಮನೆ ಕಟ್ಟೋಣ ಎಂದಾಗ ಸಭೆಯಲ್ಲಿ ಎಲ್ಲರಂತೆ ಕಾವಲುಗಾರನೂ ಕೈಯೆತ್ತಿದ್ದ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡೆನೆಂದು ಗೊತ್ತಾದದ್ದು, ಇಂಜಿನಿಯರು ಕೊಟ್ಟ ಅಳತೆ ಟೇಪಿನ ತುದಿ ಹಿಡಿದು, ಅದೇ ಜಾಗದಲ್ಲಿದ್ದ ತನ್ನ ಕೋಣೆಯ ಬಾಗಿಲಿಗೇ ಬಂದು ನಿಂತಾಗ. ಹೊಸ ಮನೆಗಳ ನಕ್ಷೆಯಲ್ಲಿ ಆ ಕೋಣೆಯೇ ಇರಲಿಲ್ಲ. ಇರುವುದಾದರೂ ಹೇಗೆ? ಪ್ರಾರ್ಥನೆಗೆ ಭಂಗ ಬರಬಾರದೆಂದು ಅವನ ಹೆಂಡತಿ ಇಪ್ಪತ್ತಾರು ವರ್ಷ ಕುಕ್ಕರನ್ನೂ ಕೂಗಲು ಬಿಟ್ಟವಳಲ್ಲ.

"ಇಲ್ಲಿ ಯಾರಾದ್ರೂ ಇದ್ದಾರಾ ಸಾರ್?" ಇಂಜಿನಿಯರು ಕೇಳಿದರು.

"ಯಾರೂ ಇಲ್ಲ, ಬರೀ ನಮ್ಮ ಕಾವಲುಗಾರ," ಅಂದರು ಮಂದಿರದ ಹಿರಿಯರು.

ಅವನು ಟೇಪಿನ ತುದಿಯನ್ನು ತನ್ನ ಹೊಸ್ತಿಲಿಗೇ ಒತ್ತಿ ಹಿಡಿದ.

ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಹಿರಿಯರು ಬೆಚ್ಚಿಬಿದ್ದರು.

"ಇನ್ನೂ ಎರಡು ಕೂಗೋದಿದೆ," ಒಳಗಿನಿಂದ ಹೆಂಡತಿ ಗಟ್ಟಿಯಾಗಿ ಹೇಳಿದಳು, "ಕೇಳಿಸ್ಕೊಂಡೇ ಹೋಗಿ!"