ಗುರುತು ಹಿಡಿಯದವಳ ಗಂಡ

ಜಗತ್ತಿನ ಜನ ಮಲಗುವಾಗ ಕನ್ನಡಕ ತೆಗೆದಿಡುತ್ತಾರೆ. ನನ್ನ ಹೆಂಡತಿ ತರಕಾರಿ ತರಲು ಹೊರಡುವಾಗ ತೆಗೆದಿಡುತ್ತಾಳೆ. ಬಾಗಿಲ ಪಕ್ಕದ ಗೂಡಿನಲ್ಲಿ ಆ ದಪ್ಪ ಗಾಜಿನ ಕನ್ನಡಕ ಕಾಲು ಮಡಚಿಕೊಂಡು ಕೂರುತ್ತದೆ, ಇವಳು ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ನನ್ನ ಮೊಣಕೈ ಹಿಡಿದು ನಂಜನಗೂಡಿನ ಪೇಟೆಬೀದಿಗೆ ಇಳಿಯುತ್ತಾಳೆ. ಎದುರಿಗೆ ಬರುವುದು ಹಸುವೋ ಹೆಡ್‌ಮಾಸ್ತರೋ ಎಂಬ ಭೇದವಿಲ್ಲದ ಸಮದೃಷ್ಟಿ ಆಗ ಅವಳಿಗೆ ಪ್ರಾಪ್ತವಾಗುತ್ತದೆ. ಯೋಗಿಗಳು ಇದಕ್ಕಾಗಿ ಕಾಡಿಗೆ ಹೋದರಂತೆ, ಇವಳಿಗೆ ಕೆಟ್ಟ ಕಣ್ಣೇ ಸಾಕಾಯಿತು. ಬದನೆಕಾಯಿಯಲ್ಲಿ ಹುಳುಕು ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ, ಮನೆಗೆ ಬಂದ ಮೇಲೆ ಹುಳುಕು ಸಿಕ್ಕಿದಾಗ ಬೈಸಿಕೊಳ್ಳುವ ಕೆಲಸವೂ. ಯಾಕಪ್ಪಾ ಈ ಅವತಾರ ಎಂದು ನೀವು ಕೇಳುತ್ತೀರಿ. ಕೂತುಕೊಳ್ಳಿ, ಹೇಳುತ್ತೇನೆ.

ಅವಳ ಹೆಸರು ಸುಮಿತ್ರೆ. ಮೈಸೂರಿನಲ್ಲಿ ಮನಃಶಾಸ್ತ್ರ ಓದಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, ನನ್ನನ್ನು ಮದುವೆಯಾದ ತಪ್ಪಿಗೆ ನಂಜನಗೂಡಿಗೆ ಬಂದವಳು. ತೊಂಬತ್ತರ ದಶಕದ ನಡುವಿನಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೋಣೆ ಹಿಡಿದು ‘ಆಪ್ತ ಸಲಹೆ’ ಎಂದು ಬೋರ್ಡು ಬರೆಸಿದಳು; ಗುರುವಾರ ಮಾತ್ರ ತಿ. ನರಸೀಪುರದಲ್ಲಿ ಕೂರುತ್ತಿದ್ದಳು. ಆಪ್ತ ಸಲಹೆ ಎಂದರೇನೆಂದು ಯಾರಿಗೂ ತಿಳಿಯದೆ ಮೊದಮೊದಲು ಬಂದವರು ಜಮೀನಿನ ವ್ಯಾಜ್ಯ ತಂದರು, ಒಬ್ಬರಂತೂ ಕೊಳವೆಬಾವಿ ಎಲ್ಲಿ ಕೊರೆಸಲಿ ಎಂದು ಕೇಳಿದರು. ಆಮೇಲೆ ನಿಜವಾಗಿ ಬೇಕಾದವರು ಬರತೊಡಗಿದರು: ನಿದ್ದೆ ಬಾರದವರು, ಕಾರಣವಿಲ್ಲದೆ ಅಳು ಉಕ್ಕುವವರು, ಪರೀಕ್ಷೆಯ ಹೆಸರೆತ್ತಿದರೆ ಕೈ ನಡುಗುವ ಮಕ್ಕಳು. ಎದುರು ಕೋಣೆಯಲ್ಲಿ ಹಲ್ಲಿನ ಡಾಕ್ಟರಿದ್ದರು, ಇಬ್ಬರಿಗೂ ಒಂದೇ ಮೆಟ್ಟಿಲು; ಹೀಗಾಗಿ ಸುಮಿತ್ರೆಯಲ್ಲಿಗೆ ಬರುವವರೂ ಕೆನ್ನೆಗೆ ಕರ್ಚೀಫು ಒತ್ತಿಕೊಂಡೇ ಹತ್ತುತ್ತಿದ್ದರು. ಊರಿನ ಹಲ್ಲೆಲ್ಲ ಇದ್ದಕ್ಕಿದ್ದಂತೆ ಯಾಕೆ ಕೆಟ್ಟವು ಎಂದು ಬಟ್ಟೆ ಅಂಗಡಿಯವರು ಚಿಂತೆ ಮಾಡುತ್ತಿದ್ದರು.

ಇನ್ನು ನನ್ನ ಕಸುಬು ಜೀವವಿಮೆಯ ಏಜೆನ್ಸಿ. ಎದುರು ಕೂತವರ ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯೇ, ಅಪ್ಪ ಸತ್ತದ್ದು ಯಾವುದರಿಂದ, ನಾಮಿನಿ ಹೆಂಡತಿಯೋ ತಾಯಿಯೋ ಎಂಬಿಷ್ಟನ್ನೂ ಕಾಫಿ ಆರುವುದರೊಳಗೆ ಕೇಳಿ ತಿಳಿದು, ಆ ಕಾಫಿಯನ್ನೂ ಕುಡಿದು ಏಳುವವನು ನಾನು. ಹೀಗಾಗಿ ನಮ್ಮ ಮನೆಯಲ್ಲಿ ಊರ ಸುದ್ದಿ ಒಂದೇ ದಿಕ್ಕಿಗೆ ಹರಿಯುತ್ತಿತ್ತು, ನನ್ನಿಂದ ಅವಳ ಕಡೆಗೆ. ಇವತ್ತು ಯಾರು ಬಂದಿದ್ದರು ಎಂದು ಕೇಳಿದರೆ ‘ಜನ’ ಎನ್ನುತ್ತಿದ್ದಳು. ಏನು ಹೇಳಿದರು ಎಂದರೆ ‘ಮಾತು’ ಎನ್ನುತ್ತಿದ್ದಳು. ಕಾಗದಪತ್ರವಿದ್ದ ಕಬ್ಬಿಣದ ಬೀರುವಿನ ಬೀಗದ ಕೈ ಅವಳ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಅನ್ನ ಮುಂದಿಟ್ಟು ಕೈ ಕಟ್ಟಿ ಕೂರಿಸಿದರೆ ಹೇಗಿರುತ್ತದೆ ಹೇಳಿ, ಮದುವೆಯಾದ ಮೇಲೆ ನನ್ನ ಪರಿಸ್ಥಿತಿ ಹಾಗಾಗಿತ್ತು.

ತಮಾಷೆಯೆಂದರೆ ಊರಿನವರು ಇದನ್ನು ನಂಬಲು ಸುತರಾಂ ಸಿದ್ಧರಿರಲಿಲ್ಲ. ಗಂಡ ಹೆಂಡಿರ ನಡುವೆ ಗುಟ್ಟೆಲ್ಲಿ ಬಂತು ಎಂಬುದು ಅವರ ಲೆಕ್ಕ. ನಾನು ಕ್ಷೌರದಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಆಸಾಮಿ ನನ್ನನ್ನು ರಸ್ತೆಬದಿಗೆ ಕರೆದು, “ಸಾ, ಮೇಡಮ್ಮು ನಮ್ಮನೆ ಇಚಾರ ಏನಾದ್ರೂ ಅಂದ್ರಾ?” ಎಂದು ಪಿಸುಗುಟ್ಟಿದ. ಇಲ್ಲಪ್ಪಾ ಎಂದೆ. ಅವನು ನನ್ನ ಕೈ ಹಿಡಿದುಕೊಂಡು, “ನೀವು ದೊಡ್ಡೋರು ಬುಡಿ ಸಾ” ಎಂದವನು ಮುಂದಿನ ವಾರ ತಾನಾಗಿ ಬಂದು ಪಾಲಿಸಿ ಮಾಡಿಸಿದ. ಏನೂ ಗೊತ್ತಿಲ್ಲದೆ ನಾನು ಹೀಗೆ ದೊಡ್ಡ ಮನುಷ್ಯನಾದೆ.

ನಮ್ಮೂರಲ್ಲಿ ಎದುರು ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳದೆ ಮುಂದೆ ಹೋದರೆ ಮುಖಕ್ಕೆ ಹೊಡೆದಂತೆ. ಬೆಳಗ್ಗೆ ಹತ್ತಕ್ಕೆ ಕೇಳಿದರೂ ಸಂಜೆ ಐದಕ್ಕೆ ಕೇಳಿದರೂ ಪ್ರಶ್ನೆ ಅದೇ, ಉತ್ತರಕ್ಕೂ ಹೊಟ್ಟೆಗೂ ಸಂಬಂಧವಿಲ್ಲ. ಇದನ್ನು ನಾನು ಹಳಿಯುತ್ತಿಲ್ಲ, ಇದರಲ್ಲಿ ಅಕ್ಕರೆಯಿದೆ. ಜ್ವರ ಬಂದು ಎರಡು ದಿನ ಕಾಣದಿದ್ದರೆ ಇದೇ ಜನ ಗಂಜಿ ಹಿಡಿದು ಬಾಗಿಲು ತಟ್ಟುತ್ತಾರೆ. ಆದರೆ ಮನಸ್ಸಿಗೆ ಜ್ವರ ಬಂದಿತೆಂದು ತಿಳಿದರೆ ಅವರೇ ಗಂಜಿ ಬಿಟ್ಟು ಸುದ್ದಿ ಹಿಡಿದು ಬೇರೆ ಮನೆಗಳ ಬಾಗಿಲು ತಟ್ಟುತ್ತಾರೆ. ಮೈಯ ಕಾಯಿಲೆ ಮನುಷ್ಯನದು, ಮನಸ್ಸಿನ ಕಾಯಿಲೆ ಮಾತ್ರ ಇಡೀ ವಂಶದ್ದು ಎಂದು ಯಾರು ಹಂಚಿಕೊಟ್ಟರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸುಮಿತ್ರೆ ಬಹುಬೇಗ ಊರಿನ ರೀತಿ ಕಲಿತಳು. ನನ್ನ ಜೊತೆ ತರಕಾರಿಗೆ ಬಂದರೆ ಸೊಪ್ಪಿನವಳಿಂದ ಹಿಡಿದು ದೇವಸ್ಥಾನದ ಅರ್ಚಕರವರೆಗೆ ಎಲ್ಲರನ್ನೂ ಬಾಯಿತುಂಬ ಮಾತಾಡಿಸುತ್ತಿದ್ದಳು. ಆದರೆ ಒಂದು ದಿನ ನನಗೊಂದು ವಿಚಿತ್ರ ಕಣ್ಣಿಗೆ ಬಿತ್ತು. ಕೆಲವರು ಎದುರಾದಾಗ ಮಾತ್ರ ಅವಳು ಪಕ್ಕದ ಅಂಗಡಿಗೆ ತಿರುಗಿ, ಒಂದು ಹಾಗಲಕಾಯಿ ಎತ್ತಿಕೊಂಡು, ಅದರ ಮೇಲೆ ಏನೋ ಬರೆದಿದೆ ಎಂಬಂತೆ ಓದುತ್ತಾ ನಿಲ್ಲುತ್ತಿದ್ದಳು. ನಮ್ಮ ಮನೆಯಲ್ಲಿ ಹಾಗಲಕಾಯಿ ಬೇಯಿಸುವುದೇ ಇಲ್ಲ. ಹಾಗೆ ದಾಟಿಹೋದ ಮುಖಗಳನ್ನು ನೆನೆದರೆ, ಎರಡು ಮೂರು ಮುಖ ಕರ್ಚೀಫಿನ ಹಿಂದೆ ನೋಡಿದವೇ ಆಗಿದ್ದವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಹೆಗಲು ಮುಟ್ಟಿಕೊಳ್ಳುತ್ತಿದ್ದದ್ದು ಕಾವಲಿಗಿದ್ದವಳು. ಬಾಯಿ ಬಿಡದವಳ ಬೀಗದ ಕೈ ನನಗೆ ಹೀಗೆ ಸಿಕ್ಕಿತಲ್ಲ ಎಂದು ಹಿಗ್ಗಿ ಹೀರೇಕಾಯಿಯಾದೆ.

ಹಾಗಲಕಾಯಿಯ ಪಾಲಿಗೆ ಬಂದವರಲ್ಲಿ ಒಬ್ಬಳು ಗಿರಿಜೆ. ನಿಜವಾದ ಹೆಸರಲ್ಲ; ಅವಳ ಕೆಲಸ, ಊರು ಎಲ್ಲವನ್ನೂ ಒಂದಿಷ್ಟು ಅದಲುಬದಲು ಮಾಡಿದ್ದೇನೆ, ನನ್ನ ಕಡೆಯವರದ್ದನ್ನೂ. ಬರೆಯಲಾ ಎಂದು ಕೇಳಿದ್ದಕ್ಕೆ ಒಪ್ಪಿ, ಬರೆದದ್ದನ್ನು ಓದಿ, “ನನ್ನನ್ನ ಇನ್ನೊಂಚೂರು ಎತ್ತರ ಮಾಡಿ” ಎಂದಳು. ಆದ್ದರಿಂದ ಈ ಗಿರಿಜೆ ಎತ್ತರದ ಹುಡುಗಿ. ನಂಜನಗೂಡಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು.

ಅದೇ ಹೊತ್ತಿಗೆ ತಿ. ನರಸೀಪುರದಿಂದ ನಮ್ಮಕ್ಕ ಜಯಮ್ಮ ಬಂದಿಳಿದಳು. ಹಸು, ಗದ್ದೆ, ಗಂಡ, ಮಗ ಎಲ್ಲವನ್ನೂ ಒಂದೇ ದನಿಯಲ್ಲಿ ಗದರಿಸಿ ಇಟ್ಟುಕೊಂಡವಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮಗ ಮಾದೇವ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ, ಅವನಿಗೆ ಹೆಣ್ಣು ನೋಡುತ್ತಿದ್ದರು. ಹಿಂದೊಮ್ಮೆ ಸೋಮನಾಥಪುರದ ಕಡೆಯ ಒಂದು ಹುಡುಗಿಯ ಬಗ್ಗೆ, ಅವಳು ನಿನ್ನ ಹತ್ತಿರ ಬಂದಿದ್ದಳಾ ಎಂದು ಸುಮಿತ್ರೆಯನ್ನು ಕೇಳಿ, ಯಾರ ವಿಷಯವನ್ನೂ ಹೇಳುವುದಿಲ್ಲ ಎಂಬ ಉತ್ತರ ಸಿಕ್ಕಿ ಸಿಟ್ಟಾಗಿದ್ದಳು. ಬಂದಿಲ್ಲ ಎನ್ನಲು ಏನು ಕಷ್ಟ ಎಂದು ನಾನೂ ಆಗ ಕೇಳಿದ್ದೆ. “ಬರದೇ ಇರೋರನ್ನ ಬಂದಿಲ್ಲ ಅಂತ ಹೇಳಿಬಿಟ್ರೆ, ನಾಳೆ ಬಂದೋರ ವಿಷಯಕ್ಕೆ ಸುಮ್ಮನಿದ್ದಾಗ ಹೂಂ ಅಂದ ಹಾಗೇ ಆಗುತ್ತೆ ಕಣ್ರೀ” ಎಂದಿದ್ದಳು ಸುಮಿತ್ರೆ. ಆದ್ದರಿಂದ ಈ ಸಲ, ಗಿರಿಜೆಯ ಸಂಬಂಧ ಬಂದಾಗ, ಅಕ್ಕ ಸುಮಿತ್ರೆಯನ್ನು ಬಿಟ್ಟು ನೇರ ನನ್ನನ್ನೇ ಹಿಡಿದಳು.

“ಲೋ, ಆ ಗಿರಿಜೆ ಅಂಬೋ ಮೇಡಮ್ಮು ಆ ಮಾಡಿ ಮೆಟ್ಲು ಅತ್ತೋದ ಯಾರೋ ನೋಡವ್ರಂತೆ. ದವಡೆ ನೋವ್ಗೋ, ನಿನ್ನೆಂಡ್ತಿ ತಾವ್ಕೋ? ಯೋಳ್ಲಾ.”

“ನಂಗೆ ಗೊತ್ತಿಲ್ಲ ಕಣಕ್ಕಾ.”

“ನಿಂಗೆ ಗೊತ್ತಿಲ್ದೇ ಇರೋದು ಈ ತಾಲ್ಲೂಕಲ್ಲಿ ಏನೈತ್ಲಾ?” ಎಂದಳು ಅಕ್ಕ. “ಆಯ್ತು ಬುಡು. ಭಾನ್ವಾರ ಇಲ್ಲೇ ನಂಟ್ರ ಮದ್ವೆಗೆ ಅವ್ಳೂ ಬತ್ತಾಳೆ, ನಿನ್ನೆಂಡ್ತೀನೂ ಬತ್ತಾಳೆ. ಇಬ್ರು ಮೊಕ ನೋಡುದ್ರೆ ನಂಗೇ ತಿಳೀತದೆ.”

ನನ್ನಂಥ ಪೆದ್ದನಿಗೆ ತಿಳಿದದ್ದು ಅಕ್ಕನ ಹದ್ದಿನ ಕಣ್ಣಿಗೆ ತಿಳಿಯದೇ ಇರುತ್ತದೆಯೇ? ಸುಮಿತ್ರೆ ಕಲ್ಯಾಣ ಮಂಟಪದಲ್ಲಿ ಒಂದು ಸಲ ಮುಖ ತಿರುಗಿಸಿದರೆ ಮುಗಿಯಿತು: ಸಂಬಂಧ ಮುರಿಯುತ್ತದೆ, ಯಾಕೆ ಮುರಿಯಿತೆಂದು ಎರಡು ತಾಲ್ಲೂಕಿಗೂ ಗೊತ್ತಾಗುತ್ತದೆ, ಆ ಹುಡುಗಿ ತಲೆಯೆತ್ತಿ ಶಾಲೆಗೆ ಹೋಗುವುದು ಕಷ್ಟವಾಗುತ್ತದೆ, ಸುಮಿತ್ರೆಯ ಮೆಟ್ಟಿಲು ಹತ್ತಲು ಇನ್ನೊಬ್ಬರು ಬರುವುದಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಹೇಳಿದ ಒಂದು ಅರ್ಧ ಸುಳ್ಳೇ ಗಂಟಲಲ್ಲಿ ಮೀನಿನ ಮುಳ್ಳಾಗಿ ಕೂತಿತ್ತು.

ಅಕ್ಕ ಬಸ್ಸು ಹತ್ತಿದ ಕೂಡಲೇ ಸುಮಿತ್ರೆಗೆ ಹಾಗಲಕಾಯಿಯ ವಿಷಯ ಹೇಳಿಬಿಟ್ಟೆ. ಮೊದಲು ನಕ್ಕಳು. ಆಮೇಲೆ ಮುಖ ಬಿಳುಚಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊರಗೆ ಸಿಕ್ಕರೆ ತಾನಾಗಿ ಮಾತಾಡಿಸುವುದಿಲ್ಲ, ಬೇಕಾದರೆ ನೀವೇ ಮಾತಾಡಿಸಿ ಎಂದು ಬಂದವರಿಗೆಲ್ಲ ಮೊದಲ ದಿನವೇ ಮಾತು ಕೊಡುತ್ತಿದ್ದಳಂತೆ. ಮೈಸೂರಿನಲ್ಲಿ ಇದ್ದಾಗ ಕಲಿತ ರೀತಿ ಅದು. ಎಲ್ಲರೂ ಎಲ್ಲರನ್ನೂ ದಾಟಿಕೊಂಡು ಹೋಗುವ ದೊಡ್ಡ ಊರಲ್ಲಿ ಅದು ಸರಿಯಾಗಿಯೇ ನಡೆಯುತ್ತದೆ. ಎಲ್ಲರನ್ನೂ ಮಾತಾಡಿಸುವ ಊರಲ್ಲಿ ಮಾತಾಡಿಸದೆ ಬಿಟ್ಟವರೇ ಎದ್ದು ಕಾಣುತ್ತಾರೆ ಎಂದು ಅವಳಿಗೂ ಹೊಳೆದಿರಲಿಲ್ಲ. ಬೀರುವಿಗೆ ಬೀಗ ಹಾಕಿ, ಬಾಯಿಗೂ ಹಾಕಿ, ಕತ್ತನ್ನು ಮರೆತಿದ್ದಳು.

“ಯಾರ್ಯಾರನ್ನ ನೋಡಿದ್ರಿ ಅಂತ ಮಾತ್ರ ಹೇಳಬೇಡಿ” ಎಂದಳು. “ನಾನು ಹೌದು ಅನ್ನಲ್ಲ, ಅಲ್ಲ ಅನ್ನಲ್ಲ. ಆದ್ರೆ ನಿಮಗೆ ನನ್ನ ಮುಖ ಓದೋಕೆ ಬರುತ್ತೆ ಅಂತ ಈಗ ಗೊತ್ತಾಯ್ತಲ್ಲ.” ಮರುದಿನ ಬೆಳಗ್ಗೆ ಕನ್ನಡಕ ತೆಗೆದು ಗೂಡಿನಲ್ಲಿಟ್ಟು, ಬನ್ನಿ ಎಂದು ನನ್ನ ಮೊಣಕೈ ಹಿಡಿದಳು. ಪಾಪ, ಡಾಕ್ಟ್ರಮ್ಮನಿಗೆ ಈ ವಯಸ್ಸಿಗೇ ಕಣ್ಣು ಮಂಜಾಯಿತಂತೆ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಮುಟ್ಟಿತು. ಮುಟ್ಟಿಸಿದವನು ಯಾರೆಂದು ನೀವು ಊಹಿಸಬಲ್ಲಿರಿ.

ಭಾನುವಾರ ಮಂಟಪಕ್ಕೆ ಹೋದೆವು. ಬಾಗಿಲಿಗೆ ಕಟ್ಟಿದ್ದ ಬಾಳೆಕಂದಿಗೆ ಸುಮಿತ್ರೆ ಕೈ ಮುಗಿದಳು. ಪನ್ನೀರು ಚಿಮುಕಿಸುವ ಹೆಣ್ಣುಮಗಳಿಗೂ, ವಾಲಗದವರಿಗೂ, ಖಾಲಿ ಕುರ್ಚಿಗಳ ಒಂದು ಸಾಲಿಗೂ ಅದೇ ನಗು ಹಂಚುತ್ತಾ ನಡೆದಳು. ಗಿರಿಜೆ ಎದುರಾದಾಗಲೂ ಅದೇ ಮುಖ, ಅದೇ ನಗು. ಅಕ್ಕ ಪಕ್ಕದಲ್ಲೇ ಕೂತು ರೆಪ್ಪೆ ಮಿಟುಕಿಸದೆ ಕಾದಳು. ಕೊನೆಗೆ ಬೇಸತ್ತು, “ನಿನ್ನೆಂಡ್ತಿ ಮೊಕದಲ್ಲಿ ಏನೂ ಇಲ್ವಲ್ಲೋ” ಎಂದು ನನ್ನನ್ನೇ ಗದರಿದಳು. ನಾನು ಗೆದ್ದೆವು ಎಂದುಕೊಂಡೆ.

ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುವಾಗ ಗಿರಿಜೆ ತಾನಾಗಿ ನಡೆದು ಬಂದು ಅಕ್ಕನ ಎದುರು ನಿಂತಳು.

“ಅಮ್ಮಾ, ನೀವು ನನ್ನ ವಿಚಾರಿಸ್ತಿದ್ದೀರಂತೆ. ಸ್ಕೂಲ್ ಹತ್ರ ಕೇಳಿದ್ರಂತೆ, ಬೀದಿಯವ್ರನ್ನ ಕೇಳಿದ್ರಂತೆ. ನನ್ನೇ ಕೇಳಬಹುದಿತ್ತು. ಹೋದ ವರ್ಷ ಕ್ಲಾಸಿನ ಬಾಗಿಲು ಕಂಡ್ರೆ ನಂಗೆ ಕೈಕಾಲು ತಣ್ಣಗಾಗ್ತಿತ್ತು. ಈ ಮೇಡಮ್ ಹತ್ರ ಹೋಗ್ತಿದ್ದೆ.”

ನನ್ನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಸುಮಿತ್ರೆ ಕಣ್ಣು ಕಿರಿದು ಮಾಡಿ, “ಯಾರಮ್ಮಾ ನೀನು? ಕನ್ನಡಕ ತಂದಿಲ್ಲ ನೋಡು” ಎಂದಳು. ಗಿರಿಜೆಗೆ ನಗು ಬಂದುಬಿಟ್ಟಿತು. “ಸಾಕು ಮೇಡಮ್. ನಾನೇ ಹೇಳ್ತಿದೀನಲ್ಲ” ಎಂದಳು. ಗುಟ್ಟಿನ ಒಡತಿ ಬಂದು ಬಾಗಿಲು ತೆಗೆದರೂ ಕಾವಲಿನವಳು ಜಗ್ಗಲಿಲ್ಲ. ಇದು ಅತಿಯಾಯಿತು ಎಂದು ನನಗೂ ಅನ್ನಿಸಿತು, ಆದರೆ ಆ ಕ್ಷಣದಲ್ಲಿ ನನ್ನ ಹೆಂಡತಿಯ ಮೇಲೆ ನನಗೆ ತಡೆಯಲಾರದಷ್ಟು ಪ್ರೀತಿ ಉಕ್ಕಿತು.

ಅಕ್ಕ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಿಸಿದಳು. “ಈಗ ಎಂಗಿದ್ದೀಯವ್ವಾ?” ಎಂದಳು ಆಮೇಲೆ.

“ಈಗ ಚೆನ್ನಾಗಿದೀನಿ. ಮತ್ತೆ ಬಂದ್ರೆ ಮತ್ತೆ ಹೋಗ್ತೀನಿ.”

“ಕೂತ್ಕೊ” ಎಂದು ಅಕ್ಕ ಪಕ್ಕದ ಕುರ್ಚಿ ತೋರಿಸಿ, ಮಡಿಸಿದ ಎಲೆಯನ್ನು ಅವಳ ಕೈಗಿಟ್ಟಳು. ಆ ಹುಡುಗಿ ಈಗ ಅಕ್ಕನ ಸೊಸೆ. ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಇಬ್ಬರೂ ದಿನಾ ಜಗಳವಾಡುತ್ತಾರೆ, ನಡುವೆ ಮಾದೇವ ಏನೂ ಹೇಳದೆ ಉಂಡು ಅಂಗಡಿಗೆ ಹೋಗುತ್ತಾನೆ.

ಆ ಭಾನುವಾರ ಸಂಜೆ ಅಕ್ಕನನ್ನು ಬಸ್ಸು ಹತ್ತಿಸಲು ನಾನೊಬ್ಬನೇ ಹೋಗಿದ್ದೆ. ಬಸ್ಸು ಬರುವುದು ತಡವಾಯಿತು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸಿ ಮಾಡುತ್ತಾ ಕೂತಿದ್ದವಳು, “ನಮ್ ಕಾಲ್ದಲ್ಲಿ ಅತ್ತಾಕೆ ಇಂಥ ಮೆಟ್ಲು ಎಲ್ಲಿದ್ವು ಯೋಳ್ಲಾ” ಎಂದಳು. ಆಮೇಲೆ ದನಿ ತಗ್ಗಿಸಿ ನನಗೊಂದು ವಿಷಯ ಹೇಳಿದಳು. ಬಸ್ಸು ಬಂದು ನಿಂತು, ಜನ ಹತ್ತಿ, ಕಂಡಕ್ಟರ್ ಕೂಗುವವರೆಗೂ ಹೇಳಿದಳು. ನಾನು ಅವಳ ಕೈ ಹಿಡಿದುಕೊಂಡು ಕೇಳಿದೆ.

ಅದೇನೆಂದು ತಿಳಿಯಲು ನೀವು ಮುಂದಕ್ಕೆ ಬಾಗಿದ್ದೀರಿ, ನನಗೆ ಕಾಣುತ್ತಿದೆ. ಹಿಂದಕ್ಕೆ ಒರಗಿಕೊಳ್ಳಿ. ಗಿರಿಜೆ ಬರೆಯಿರಿ ಎಂದಳು, ಬರೆದೆ. ಅಕ್ಕ ಹಾಗೆ ಹೇಳಿಲ್ಲ.

ಮನೆಗೆ ಬಂದಾಗ ಸುಮಿತ್ರೆ ಅಕ್ಕಿ ಆರಿಸುತ್ತಿದ್ದಳು. “ಅಕ್ಕ ಹೋದ್ರಾ? ಏನಂದ್ರು?” ಎಂದಳು. ಬಸ್ಸು ತಡವಾಯಿತು ಎಂದೆ. ಅವಳು ಮೊರದಿಂದ ತಲೆಯೆತ್ತಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಮತ್ತೆ ಕೇಳಲಿಲ್ಲ. ಸ್ವಲ್ಪ ಸರಿದು, ಮೊರದ ಒಂದು ಬದಿಯನ್ನು ನನ್ನ ಕಡೆಗೆ ತಿರುಗಿಸಿದಳು. ಇಬ್ಬರೂ ಕೂತು ಕಲ್ಲು ಆರಿಸಿದೆವು.