ಎದುರಿನವರ ಕಣ್ಣಿಗೆ ಹೊಡೆದ ಬೆಳಕು

ಹೋದ ವರ್ಷದ ಎಳ್ಳ ಅಮಾವಾಸ್ಯೆ ಕಳೆದು ಮೂರು ದಿನವಾಗಿತ್ತು. ಯಾದಗಿರಿಯಲ್ಲಿ ನನ್ನ ತಂಗಿಯ ಮಗಳ ಕುಬಸ, ಅಂದರೆ ಸೀಮಂತ. ಊಟಕ್ಕೆ ಬೇಕಾದ ಅಕ್ಕಿ ನಮ್ಮ ಹೊಲದ್ದೇ ಆಗಬೇಕೆಂದು ನಾನೇ ಹೇಳಿ ಒಪ್ಪಿಸಿದ್ದೆ. ಅಡುಗೆಯವರು ಆರು ಗಂಟೆಗೆ ಒಲೆ ಹಚ್ಚುತ್ತಾರೆ, ಅಷ್ಟರೊಳಗೆ ಅಕ್ಕಿ ಅಲ್ಲಿರಬೇಕು. ಹಾಗಾಗಿ ಸುರಪುರದಿಂದ ನಸುಕಿನ ನಾಲ್ಕಕ್ಕೇ ಹೊರಟೆವು, ನಾನು ಮತ್ತು ನಮ್ಮ ಮನೆಯವರು.

ಕಾರು ನಡೆಸುವವಳು ನಾನು. ಇದನ್ನು ಕೇಳಿ ನಗುವವರು ನಮ್ಮ ಓಣಿಯಲ್ಲೇ ಇದ್ದಾರೆ, ಯಾಕೆಂದರೆ ನಮ್ಮ ಮನೆಯವರು ಇಡೀ ಆಯುಷ್ಯ ಬಸ್ ನಡೆಸಿ ನಿವೃತ್ತರಾದವರು. ನಾನೋ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ಸಕ್ಕರೆ ಕಾಯಿಲೆ ಅವರ ಕಣ್ಣಿಗಿಳಿದ ಮೇಲೆ ಹಗಲಿನಲ್ಲಿ ಹೇಗೋ ನಡೆಯುತ್ತದೆ, ಕತ್ತಲಾದರೆ ದೀಪದ ಬೆಳಕು ಬಿಟ್ಟು ಬೇರೇನೂ ಕಾಣುವುದಿಲ್ಲ. ಹೀಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ ನಾನು ಸ್ಟೇರಿಂಗ್ ಹಿಡಿದೆ. ಹಗಲಿನಲ್ಲಿ ಚೆನ್ನಾಗಿಯೇ ನಡೆಸುತ್ತೇನೆ. ಕತ್ತಲಲ್ಲಿ ಮಾತ್ರ ಜೀವ ಬಾಯಿಗೆ ಬರುತ್ತದೆ. ಎದುರಿಗೆ ದನ ಬಂತೋ, ಹುಲ್ಲಿನ ಬಂಡಿ ನಿಂತಿದೆಯೋ ಎಂದು ಕುತ್ತಿಗೆ ಮುಂದೆ ಚಾಚಿ ಚಾಚಿ ಮನೆ ಸೇರುವಷ್ಟರಲ್ಲಿ ಬೆನ್ನು ಹಿಡಿದಿರುತ್ತದೆ.

ಆ ಹೆದರಿಕೆಗೆ ಮದ್ದೆಂದು, ಕುಬಸಕ್ಕೆ ಎಂಟು ದಿನ ಮುಂಚೆ ಅಂಗಡಿಗೆ ಹೋಗಿ ಹೆಡ್‌ಲೈಟಿಗೆ ಹೊಸ ಬಿಳಿ ಬಲ್ಬು ಹಾಕಿಸಿಕೊಂಡು ಬಂದಿದ್ದೆ. ಚಳಿಗಾಲದಲ್ಲಿ ಕಾಲುವೆ ಕಡೆ ಮಂಜು ಬೀಳುತ್ತದೆ, ಬಂಪರಿಗೆ ಹಳದಿ ಫಾಗ್ ಲೈಟ್ ಕೂಡಿಸಿಕೊಳ್ಳಿ ಎಂದು ಅಂಗಡಿಯವನು ಹೇಳಿದ್ದ. ಹಳದಿ ಬೆಳಕು ಮಂಕು, ನನಗೆ ಬಿಳಿಯೇ ಬೇಕು ಎಂದಿದ್ದೆ. ಆ ರಾತ್ರಿ ಮನೆ ಮುಂದೆ ಲೈಟ್ ಹಾಕಿದಾಗ ಬೀದಿಯ ಕೊನೆಯವರೆಗೂ ಹಗಲಾಯಿತು. ನಾನು ಎಷ್ಟು ಹಿಗ್ಗಿದೆನೆಂದರೆ, ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ.

ಹೊರಡುವ ಹೊತ್ತಿಗೆ ಡಿಕ್ಕಿಯಲ್ಲಿ ಎರಡು ಚೀಲ ಅಕ್ಕಿ, ಒಂದು ಚೀಲ ಜೋಳ. ಹಿಂದಿನ ಸೀಟಿನಲ್ಲಿ ಉಂಡಿಯ ಡಬ್ಬಿ, ಶೇಂಗಾ ಹೋಳಿಗೆಯ ಬುಟ್ಟಿ. ನಮ್ಮ ಮನೆಯವರು ನನ್ನ ಪಕ್ಕದಲ್ಲಿ ಕುಳಿತರು.

ಸುರಪುರ ದಾಟಿದ್ದೇ ತಡ, ಎದುರಿಗೆ ಬಂದ ಲಾರಿ ಹೆಡ್‌ಲೈಟನ್ನು ಫಕ್ ಫಕ್ ಎಂದು ಮಿನುಗಿಸಿ ಡಿಪ್ಪರ್ ಹೊಡೆಯಿತು. ನನ್ನ ಲೈಟ್ ಆಗಲೇ ಡಿಮ್ಮಿನಲ್ಲಿತ್ತು. ಎರಡನೆಯ ಗಾಡಿಯೂ ಹೊಡೆಯಿತು, ಮೂರನೆಯದೂ. ಶಹಾಪುರ ಬರುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು.

"ಡಿಮ್ ಮಾಡೀನಿ, ಇನ್ನೇನ ಆರಿಸಿಬಿಡ್ಲೇನ ಇವರ ಸಲುವಾಗಿ?" ಎಂದೆ.

"ಲೈಟ್ ಮ್ಯಾಲ ಹೊಡ್ಯಾಕತ್ತಿರಬೇಕು ನೋಡು," ಎಂದರು ನಮ್ಮ ಮನೆಯವರು. "ಎದುರಿನ ಡ್ರೈವರ್ ಸುಮ್ಮ ಸುಮ್ಮನ ಡಿಪ್ಪರ್ ಹೊಡ್ಯಾಂಗಿಲ್ಲ. ಒಂದೀಟು ನಿಂದರ್ಸು, ನೋಡೂಣು."

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಿಕ್ಕೂ ನಾಚಿಕೆಯಾಗುತ್ತದೆ. "ನಿಮಗ ಕಾಣ್ತದೇನ್ರಿ? ಕಾಣೋರು ನಡಸಾಕತ್ತೀವಿ, ಸುಮ್ಮ ಕುಂದರ್ರಿ," ಎಂದುಬಿಟ್ಟೆ.

ಶಹಾಪುರ ದಾಟಿ ದೋರನಹಳ್ಳಿಯ ಕಡೆ ಬರುತ್ತಿದ್ದಂತೆ ಮಂಜು ಶುರುವಾಯಿತು. ಎರಡೂ ಕಡೆ ನೀರಾವರಿ ಗದ್ದೆ, ಒಂದು ಬದಿಗೆ ಕಾಲುವೆ. ನನ್ನ ಆ ಹಗಲಿನಂಥ ಬೆಳಕು ಮಂಜಿಗೆ ಬಡಿದು ತಿರುಗಿ ನನ್ನ ಕಣ್ಣಿಗೇ ಬರತೊಡಗಿತು. ಕಾರಿನ ಮುಂದೆ ಬಿಳಿ ಪಂಚೆ ಕಟ್ಟಿದ ಹಾಗಿತ್ತು. ರಸ್ತೆಯ ಅಂಚು ಕಾಣದೆ ನಾನು ಲೈಟನ್ನು ಬ್ರೈಟಿಗೆ ಹಾಕಿದೆ. ಇನ್ನಷ್ಟು ಕೆಟ್ಟಿತು. ತಿರುಗಿ ಡಿಮ್ಮಿಗೆ ತಂದೆ.

ಅಷ್ಟರಲ್ಲಿ ಎದುರಿಗೆ ಒಂದೇ ಒಂದು ಸಣ್ಣ ದೀಪ ಕಾಣಿಸಿತು. ಮೋಟಾರ್ ಸೈಕಲ್. ಅದೂ ಎರಡು ಸಲ ಡಿಪ್ಪರ್ ಹೊಡೆಯಿತು. ಇವನದೂ ಒಂದು ಕಡಿಮೆಯಾಗಿತ್ತು ಎಂದುಕೊಂಡು, ಬಂದ ಸಿಟ್ಟಿಗೆ ನಾನೂ ಒಮ್ಮೆ ಪೂರ್ತಿ ಬ್ರೈಟ್ ಹೊಡೆದೆ. ಆ ಸಣ್ಣ ದೀಪ ಒಂದು ಸಲ ಅತ್ತಿತ್ತ ಆಡಿತು. ನಾನು ದಾಟಿ ಮುಂದೆ ಬಂದೆ.

ಹೊಸದಾಗಿ ಕಲಿತವಳಾದ್ದರಿಂದ ಕನ್ನಡಿ ನೋಡುವುದನ್ನು ನಾನು ಬಿಡುವುದಿಲ್ಲ. ಆ ಮೋಟಾರ್ ಸೈಕಲ್ಲಿನ ಹಿಂದಿನ ಕೆಂಪು ದೀಪ ಕಾಣಬೇಕಿತ್ತು. ಕಾಣಲಿಲ್ಲ. ಮಂಜಿದೆ, ಅದಕ್ಕೆ ಎಂದುಕೊಂಡೆ. ಅರ್ಧ ಕಿಲೋಮೀಟರ್ ಬಂದಿರಬಹುದು.

"ನಾವು ದಾಟಿದ ಕೂಡ್ಲೇನ ಆ ಗಾಡಿ ಸಪ್ಪಳ ನಿಂತ್ಹೋತು," ಎಂದರು ನಮ್ಮ ಮನೆಯವರು, ಮೆಲ್ಲಗೆ. ಅವರ ಕಡೆಯ ಗಾಜು ಸ್ವಲ್ಪ ಇಳಿದಿತ್ತು. "ತಿರುಗಿಸು."

ತಿರುಗಿಸಿದೆ. ಆ ಅರ್ಧ ಕಿಲೋಮೀಟರ್ ನನಗೆ ಯಾದಗಿರಿಗಿಂತ ದೂರವಾಯಿತು. ಬರುವಾಗ ಒಂದು ಹೆಂಗಸಿನ ಕೂಗು ಕೇಳಿಸಿತು. "ಮಾಳೀ... ಏ ಮಾಳೀ..."

ಮೋಟಾರ್ ಸೈಕಲ್ ರಸ್ತೆಯ ಕೆಳಗೆ ಗದ್ದೆಯ ಇಳಿಜಾರಿನಲ್ಲಿ ಬಿದ್ದಿತ್ತು. ಒಬ್ಬ ಗಂಡಸು ಎಡಗೈಯನ್ನು ಎದೆಗೆ ಅವಚಿಕೊಂಡು ಏರಿ ಬಂದ. ಹೆಂಗಸು ಕಾಲುವೆಯ ದಂಡೆಗುಂಟ ಬರಿಗಾಲಲ್ಲಿ ಅತ್ತಿಂದಿತ್ತ ಓಡುತ್ತಿದ್ದಳು.

"ಅಕ್ಕಾರ, ನಮ್ಮ ಕೂಸು ಸಿಗವಲ್ದ್ರಿ! ನಮ್ಮಿಬ್ಬರ ನಡಕ ಕುಂತಿತ್ತು, ಎಲ್ಲಿ ಸಿಡೀತೋ ಏನೋ. ಒಂದೀಟು ಲೈಟ್ ಹೊಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಕಾರಿನ ಮೂತಿಯನ್ನು ಗದ್ದೆಯ ಕಡೆ ತಿರುಗಿಸಿ ನಿಲ್ಲಿಸಿದೆ. ಬೆಳಕು ಎಲ್ಲಿಗೆ ಹೋಯಿತು ಗೊತ್ತೇ? ಗದ್ದೆಯಾಚೆ ಇದ್ದ ಬೇವಿನ ಮರದ ನೆತ್ತಿಗೆ. ಎಲೆ ಎಲೆಯೂ ಕಾಣುತ್ತಿತ್ತು. ಅದರ ಕೆಳಗೆ ಬರೀ ಬಿಳಿ ಮಂಜು, ನೆಲದಲ್ಲಿ ಕತ್ತಲು. ನಾನು ಮೊಬೈಲಿನ ಟಾರ್ಚ್ ಹಿಡಿದು ಇಳಿದೆ. ಅದರ ಬೆಳಕು ಮಾರುದೂರವೂ ಹೋಗಲಿಲ್ಲ. ಕಾಲುವೆಯಲ್ಲಿ ನೀರು ತುಂಬಿ ಹರಿಯುವ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

"ಲೈಟ್ ಕೆಳಗ ಹಾಕ್ರೀ!" ಎಂದು ಗಂಡಸು ಚೀರಿದ.

ಎಲ್ಲಿಂದ ಕೆಳಗೆ ಹಾಕಲಿ? ನನಗೆ ಗೊತ್ತಿದ್ದದ್ದು ಬ್ರೈಟು, ಡಿಮ್ಮು ಎರಡೇ. ಕಾರಿಗೆ ಓಡಿ ಬಂದು ಸ್ಟೇರಿಂಗ್ ಹತ್ತಿರ ಕೈಯಾಡಿಸುತ್ತ ಅಳುವುದೊಂದು ಬಾಕಿ. ಆಗ ಹಿಂದಿನಿಂದ ಧಪ್ಪೆಂದು ಸದ್ದಾಯಿತು. ನಮ್ಮ ಮನೆಯವರು ಕಾರನ್ನು ತಡವರಿಸುತ್ತ ಹಿಂದೆ ಹೋಗಿ ಡಿಕ್ಕಿ ತೆಗೆದಿದ್ದರು.

"ಚೀಲ ಇಳಿಸಬೇಕು!" ಎಂದು ಕೂಗಿದರು. "ಹಿಂದ ಭಾರಾಗಿ ಗಾಡಿ ಮೂತಿ ಮ್ಯಾಲೆತ್ಯಾದ. ಬಾ, ಕೈ ಹಚ್ಚು!"

ಮೂರೂ ಚೀಲವನ್ನು ಇಬ್ಬರೂ ಎಳೆದು ರಸ್ತೆಗೆ ಕೆಡವಿದೆವು. ಒಂದು ಚೀಲ ಒಡೆದು ಅಕ್ಕಿ ಚೆಲ್ಲಿತು. ಕೊನೆಯ ಚೀಲ ಇಳಿದಾಗ ಕಾರಿನ ಹಿಂಭಾಗ ಮೇಲೆದ್ದಿತು, ಮುಂಭಾಗ ಬಗ್ಗಿತು. ಬೇವಿನ ಮರ ಕತ್ತಲಾಯಿತು. ಬೆಳಕು ಮಂಜಿನ ಅಡಿಗೆ ನುಸುಳಿ ಗದ್ದೆಯ ಮೇಲೆ ಚಾಪೆ ಹಾಸಿದಂತೆ ಬಿದ್ದಿತು. ಕೊಯ್ದ ಭತ್ತದ ಕೂಳೆ ಕಂಡಿತು, ಬದು ಕಂಡಿತು, ಒಂದು ಚಪ್ಪಲಿ ಕಂಡಿತು. ಕಾಲುವೆಯ ಅಂಚಿಗೆ ಎರಡು ಹೆಜ್ಜೆ ಈಚೆ ಏನೋ ಬೆಳ್ಳಗೆ ಮಿನುಗಿತು.

ಅದು ಕೂಸಿನ ಕಾಲಿನ ಬೆಳ್ಳಿ ಕಡಗ. ಚಳಿಗೆಂದು ಅಪ್ಪ ಸುತ್ತಿದ್ದ ಕರಿ ಕಂಬಳಿಯ ಸಮೇತ ಹಾರಿ ಬಿದ್ದಿದ್ದ ಮೂರು ವರ್ಷದ ಹುಡುಗಿ, ಕಂಬಳಿಯೊಳಗೇ ಕುಳಿತು ಬೆರಳು ಚೀಪುತ್ತಿದ್ದಳು. ಹೆದರಿಕೆಗೆ ದನಿಯೇ ಹೊರಟಿರಲಿಲ್ಲ. ಕರಿ ಕಂಬಳಿ ಕತ್ತಲಲ್ಲಿ ಕಾಣುವುದು ಹೇಗೆ? ತಾಯಿ ಓಡಿ ಹೋಗಿ ಎತ್ತಿಕೊಂಡ ಮೇಲೆಯೇ ಅದು ಕಿಟಾರನೆ ಕಿರುಚಿತು. ಮಕ್ಕಳ ಅಳು ಅಷ್ಟು ಹಿತವಾಗಿ ನನಗೆ ಎಂದೂ ಕೇಳಿಸಿಲ್ಲ. ನಾನು ಚೆಲ್ಲಿದ ಅಕ್ಕಿಯ ಮೇಲೆಯೇ ಕುಳಿತುಬಿಟ್ಟೆ.

ಕೂಸಿನ ಹಣೆ ತರಚಿತ್ತು. ಗಂಡಸಿನ ಮುಂಗೈ ಊದಿಕೊಂಡಿತ್ತು. ಶಹಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದರೆ ಕಾರಿನಲ್ಲಿ ಮತ್ತೆ ಭಾರ ಬೇಡ. "ನಾ ಚೀಲದ ಮ್ಯಾಲ ಕುಂತಿರ್ತೀನಿ, ನೀ ಹೋಗಿ ಬಾ," ಎಂದರು ನಮ್ಮ ಮನೆಯವರು. ಕಣ್ಣು ಕಾಣದ ಮನುಷ್ಯನನ್ನು ಆ ಮಂಜಿನಲ್ಲಿ ರಸ್ತೆ ಬದಿಗೆ ಒಬ್ಬರನ್ನೇ ಕೂರಿಸಿ ನಾನು ಹೊರಟೆ.

ದಾರಿಯಲ್ಲಿ ಅವರ ಪರಿಚಯವಾಯಿತು. ಬೀರಪ್ಪ, ಅವನ ಹೆಂಡತಿ ದೇವಮ್ಮ, ಮಗಳು ಮಾಳಮ್ಮ. ವಡಗೇರಾ ಕಡೆಯವರು, ಕುರಿ ಸಾಕುವವರು. ಶಹಾಪುರದ ಆಚೆ ಹಟ್ಟಿ ಹಾಕಿದ್ದ ತಮ್ಮ ಕುರಿಗಳ ಹತ್ತಿರ ಹೊರಟಿದ್ದರು.

"ಯಾವನೋ ಒಬ್ಬವ ಕಣ್ಣಾಗ ಲೈಟ್ ಹೊಡೆದು ಹೋದ್ರಿ ಅಕ್ಕೋರ," ಎಂದ ಬೀರಪ್ಪ. ನಾನು ಶಾಲೆಯವಳೆಂದು ತಿಳಿದ ಮೇಲೆ, ಟೀಚರಿಗೆ ಹೇಳುವಂತೆ ಅಕ್ಕೋರ ಎನ್ನತೊಡಗಿದ್ದ. "ಎರಡು ಸಲ ಡಿಪ್ಪರ್ ಹೊಡದೆ, ಕೇಳ್ಲಿಲ್ಲ. ಮತ್ತ ಪೂರಾ ಬ್ರೈಟ್ ಹೊಡದ. ಏನೂ ಕಾಣ್ಲಿಲ್ಲ. ಬಿದ್ದದ್ದು ಸುದ್ದ ನೋಡ್ಲಿಲ್ಲ ಮಗಾ."

"ಅವ ಹೋಗ್ಲಿ ಬಿಡು," ಎಂದಳು ದೇವಮ್ಮ. "ಈ ಅಕ್ಕೋರು ದೇವರು ಬಂದಂಗ ಬಂದಾರ. ಇವರು ಬರ್ಲಿಲ್ಲಂದ್ರ ನನ್ನ ಕೂಸು ಕಾಲುವಿ ಪಾಲು."

ನಾವು ಯಾದಗಿರಿಯ ಕಡೆಯಿಂದ ತಿರುಗಿ ಬಂದಿದ್ದರಿಂದ, ನಮ್ಮದು ಬೇರೆ ಗಾಡಿ ಎಂದೇ ಅವರು ತಿಳಿದಿದ್ದರು. ಆ ಗಾಡಿ ನಮ್ಮದೇ ಎಂದು ಹೇಳಲು ಬಾಯಿ ತೆರೆದೆ. ದಿನಾ ಮಕ್ಕಳಿಗೆ ತಪ್ಪು ಒಪ್ಪಿಕೊಳ್ಳಿ ಎಂದು ಪಾಠ ಹೇಳುವವಳು, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನೆ ಕುಳಿತೆ. ಇನ್ನೊಂದನ್ನೂ ಗಮನಿಸಿದೆ. ಶಹಾಪುರ ಮುಟ್ಟುವವರೆಗೆ ಎದುರಿಗೆ ಬಂದ ಒಂದೇ ಒಂದು ಗಾಡಿಯೂ ಡಿಪ್ಪರ್ ಹೊಡೆಯಲಿಲ್ಲ.

ಬೀರಪ್ಪನ ಮುಂಗೈ ಮೂಳೆ ಬಿರುಕು ಬಿಟ್ಟಿತ್ತು. ಕೂಸಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಬೀರಪ್ಪ ನನ್ನ ನಂಬರ್ ಕೇಳಿ ಬರೆಸಿಕೊಂಡ. ನಾನು ತಿರುಗಿ ಬಂದಾಗ ಹೊತ್ತು ಹುಟ್ಟಿತ್ತು. ನಮ್ಮ ಮನೆಯವರು ಚೀಲದ ಮೇಲೆ ಕುಳಿತು, ಚೆಲ್ಲಿದ ಅಕ್ಕಿಯನ್ನು ಟವೆಲಿನಲ್ಲಿ ಗೋರಿ ಕಟ್ಟಿಕೊಂಡಿದ್ದರು.

"ಹೇಳಿದ್ಯಾ?" ಎಂದು ಕೇಳಿದರು.

"ಇಲ್ಲ್ರಿ," ಎಂದೆ.

ಅವರು ಎದ್ದು ಚೀಲಕ್ಕೆ ಕೈ ಹಚ್ಚಿದರು. ಆ ದಿನ ಕುಬಸದಲ್ಲಿ ಅಕ್ಕಿ ತಡವಾಗಿ ಬೆಂದಿತು. ತಂಗಿ ಬೈದಳು. ಬೈಸಿಕೊಂಡು ಉಂಡು ಬಂದೆ.

ಮರುವಾರ ಮೆಕ್ಯಾನಿಕ್ ಹತ್ತಿರ ಹೋದಾಗ ಅವನು ಸ್ಟೇರಿಂಗಿನ ಬಲಗಡೆ ಇದ್ದ ಒಂದು ಸಣ್ಣ ತಿರುಗಣೆಯನ್ನು ತೋರಿಸಿದ. ಸೊನ್ನೆಯಿಂದ ಮೂರರವರೆಗೆ ಅಂಕಿಗಳಿದ್ದವು. ಅದು ಮೀಟರಿನ ಬೆಳಕು ಹೆಚ್ಚುಕಡಿಮೆ ಮಾಡುವುದಕ್ಕೆಂದು ನಾನು ತಿಳಿದಿದ್ದೆ. ಹಿಂದೆ ಭಾರ ಹೇರಿದಾಗ ಹೆಡ್‌ಲೈಟ್ ತಗ್ಗಿಸಲಿಕ್ಕೆ ಅದು ಇರುವುದಂತೆ. ಭಾರ ಹೆಚ್ಚಿದಷ್ಟೂ ಮೂರರ ಕಡೆ ತಿರುಗಿಸಬೇಕು. ಎರಡು ವರ್ಷ ನನ್ನ ಮೊಣಕಾಲಿನ ಹತ್ತಿರವೇ ಇದ್ದದ್ದು! ಬಿಳಿ ಬಲ್ಬು ತೆಗೆಸಿ ಹಳೆಯವನ್ನೇ ಹಾಕಿಸಿದೆ. ಬಂಪರಿಗೆ ಹಳದಿ ಫಾಗ್ ಲೈಟ್ ಕೂಡಿಸಿದೆ. ನಮ್ಮ ಮನೆಯವರು ಕಂಪೌಂಡ್ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಸಿದರು. ಕತ್ತಲಲ್ಲಿ ಹೊರಡುವ ದಿನ ಸಾಮಾನು ಹೇರಿದ ಮೇಲೆ ಬೆಳಕು ಆ ಗೆರೆ ದಾಟಬಾರದು. ಗೆರೆ ಅವರಿಗೆ ಕಾಣುವುದಿಲ್ಲ, ಬೆಳಕು ಕಾಣುತ್ತದೆ. ಗೆರೆಯ ಮೇಲೆ ಕೈಯಿಟ್ಟು ನಿಂತು "ಇಳಸು, ಇನ್ನಾ ಇಳಸು" ಎನ್ನುತ್ತಾರೆ. ನಾನು ಇಳಿಸುತ್ತೇನೆ, ಎದುರು ಮಾತಾಡುವುದಿಲ್ಲ.

ಆದರೆ ಬೀರಪ್ಪನ ಫೋನ್ ಬರತೊಡಗಿತು. ಕುರಿ ಹೊಡೆದುಕೊಂಡು ಎಲ್ಲೇ ಇರಲಿ, ಹದಿನೈದು ದಿನಕ್ಕೊಮ್ಮೆ ಸಂಜೆ, "ಅಕ್ಕೋರ, ಆರಾಮ ಅದೀರಿ? ಮಾಳಿ ಮಾತಾಡ್ತಾಳಂತ್ರಿ," ಎನ್ನುವನು. ಆ ಕೂಸು "ಅಕ್ಕೋಲೂ" ಎಂದಾಗಲೆಲ್ಲ ನಾನು ಫೋನನ್ನು ನಮ್ಮ ಮನೆಯವರ ಕೈಗೆ ಕೊಟ್ಟುಬಿಡುತ್ತಿದ್ದೆ. ಜೂನಿನಲ್ಲಿ ಮತ್ತೆ ಫೋನ್ ಮಾಡಿದ. ಮಾಳಿಯನ್ನು ಅಂಗನವಾಡಿಗೆ ಕಳಿಸುತ್ತೇವೆ, ಮೊದಲ ಅಕ್ಷರ ನೀವೇ ಕೈ ಹಿಡಿದು ಬರೆಸಬೇಕು ಎಂದು ದೇವಮ್ಮನ ಆಸೆ ಎಂದ.

"ಹೇಳಿ ಬರೂಣು ನಡಿ. ಬೈದ್ರ ಬೈಸ್ಕೊಳ್ಳೂಣು," ಎಂದರು ನಮ್ಮ ಮನೆಯವರು.

ಶಾಲೆ ಬಿಟ್ಟ ಮೇಲೆ ಹೊರಟು ಅವರ ಊರು ಸೇರಿದಾಗ ದೀಪ ಹಚ್ಚುವ ಹೊತ್ತು. ದೇವಮ್ಮ ಅಕ್ಷರ ಬರೆಸಲು ಹೊಸ ಪಾಟಿ ತಂದು ಅರಿಷಿಣ ಕುಂಕುಮ ಹಚ್ಚಿಟ್ಟಿದ್ದಳು. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ. "ಬೀರಪ್ಪಾ, ಅವತ್ತ ನಿನ್ನ ಕಣ್ಣಿಗೆ ಲೈಟ್ ಹೊಡದ ಗಾಡಿ ನಂದೇ. ಸಿಟ್ಟಿಗೆದ್ದು ಬ್ರೈಟ್ ಹೊಡದಾಕಿ ನಾನೇ."

ದೇವಮ್ಮ ಮಾಳಿಯನ್ನು ತನ್ನ ಕಡೆ ಎಳೆದುಕೊಂಡಳು. ಬೀರಪ್ಪ ತನ್ನ ಮುಂಗೈ ತಿಕ್ಕುತ್ತ ನಿಂತ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಈಗ ಲೈಟ್ ಕೆಳಗ ಅದಾವೇನ್ರಿ?" ಎಂದು ಕೇಳಿದ.

"ಅದಾವಪ್ಪಾ."

"ಹಚ್ರಿ, ನೋಡೂಣು."

ಅವರ ಮನೆಯ ಗೋಡೆಗೆ ಎದುರಾಗಿ ಕಾರು ನಿಲ್ಲಿಸಿ ಲೈಟ್ ಹಾಕಿದೆ. ಅವನು ಹೋಗಿ ಬೆಳಕು ನಿಂತ ಕಡೆ ಅಂಗೈ ಇಟ್ಟು ನೋಡಿದ. ಸಾಲದೆಂದು ಮಗಳನ್ನು ಕರೆದು ಗೋಡೆಗೆ ಆನಿಸಿ ನಿಲ್ಲಿಸಿದ. ಬೆಳಕು ಅವಳ ಎದೆಯವರೆಗೆ ಬಂದು ನಿಂತಿತು. ಮುಖ ನೆರಳಿನಲ್ಲಿತ್ತು. ಮಾಳಿ ಕಣ್ಣು ಮುಚ್ಚಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

"ಬರೋಬರಿ ಅದ. ಇಷ್ಟಕ್ಕ ಇರ್ಲಿ ಇನ್ನ," ಎಂದ ಬೀರಪ್ಪ. ಮಗಳನ್ನು ಎತ್ತಿಕೊಂಡು ಒಳಗೆ ಹೋದ. ಪಾಟಿ ಕಟ್ಟೆಯ ಮೇಲೆಯೇ ಇತ್ತು. ನಾವು ಹೊರಟೆವು.

ಅಂದಿನಿಂದ ಅವನ ಫೋನ್ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಈಗ ಎದುರಿನವರು ಡಿಪ್ಪರ್ ಹೊಡೆದರೆ ಕಾರನ್ನು ಬದಿಗೆ ನಿಲ್ಲಿಸಿ, ಆ ಸಣ್ಣ ತಿರುಗಣೆಯ ಮೇಲೆ ಕೈಯಿಡುತ್ತೇನೆ. ಸಂಜೆ ಅವನು ಮಾಡುತ್ತಿದ್ದ ಹೊತ್ತಿಗೆ ಫೋನ್ ಸದ್ದಾದರೆ ಮಾತ್ರ, ಇಂದಿಗೂ ಒಲೆ ಸಣ್ಣ ಮಾಡಿ ಓಡಿ ಬಂದು ಹೆಸರು ನೋಡುತ್ತೇನೆ.