ಸುಬೇದಾರ ಕಾಕಾನ ಪಾಳಿ

ಯಾರದಾದರೂ ಮನೆಯಲ್ಲಿ ಸುಣ್ಣ ಕಲಸುವ ಹಸಿ ವಾಸನೆ ಬಂದರೆ ಸಾಕು, ಇಂದಿಗೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಮಮದಾಪುರದ ನಮ್ಮ ಮನೆಯನ್ನು ಹೊಸ ರಸ್ತೆ ನುಂಗಿ ಎಷ್ಟೋ ಕಾಲವಾಯಿತು. ಆ ಮನೆಯಂಗಳದಲ್ಲಿ ಬಾಗಿಲಿನಿಂದ ಬೇವಿನ ಗಿಡದವರೆಗೆ ಕಾಕಾ ದಿನಾ ಬೆಳಿಗ್ಗೆ ತಾನೇ ಸುಣ್ಣದ ಗೆರೆ ಎಳೆಯುತ್ತಿದ್ದ. ಫೌಜಿನಲ್ಲಿ ಸುಬೇದಾರನಾಗಿ ನಿವೃತ್ತನಾದವನು, ಊರವರ ಒತ್ತಾಯಕ್ಕೆ ಚುನಾವಣೆಗೆ ನಿಂತು ಶಾಸಕನಾದ. ಮತ ಕೇಳಲು ಹೋದಾಗ ಕೈ ಮುಗಿಯಲು ಬಾರದೆ ಸೆಲ್ಯೂಟ್ ಹೊಡೆಯುತ್ತಿದ್ದ. ಪೊಲೀಸರು ಬಂದರೆಂದು ಮುದುಕಿಯರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ, ಎಲ್ಲಿಂದ ಯಾರೇ ಅಹವಾಲು ತಂದರೂ ಆ ಗೆರೆಯ ಮೇಲೆ ಒಬ್ಬರ ಹಿಂದೊಬ್ಬರು ಪಾಳಿ ಹಚ್ಚಬೇಕು. ನಮ್ಮ ಜನಕ್ಕೋ ಪಾಳಿಯೆಂದರೆ ಮೈಯುರಿ. ಕಾಕಾ ರೊಟ್ಟಿಗೆ ಕೂತನೆಂದರೆ ಗೆರೆ ಬಿಟ್ಟು ಬಾಗಿಲಿಗೆ ಮುತ್ತುತ್ತಿದ್ದರು. ಅವನು ಎಂಜಲುಗೈಯಲ್ಲೇ ಎದ್ದು ಬಂದು ಮತ್ತೆ ನಿಲ್ಲಿಸುತ್ತಿದ್ದ.

ಎರಡನೆಯ ಚುನಾವಣೆ ಹತ್ತಿರ ಬಂದಾಗ ಮಸಗುಪ್ಪಿಯ ಬೀಗರು ಬಂದರು. ಕಾಕಾನ ಮಗಳ ಮಾವ; ಅವರು ಹೇಳಿದ ಕಡೆ ಇಡೀ ಊರಿನ ಮತ. ಕಾಕಿ ಅವರನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆದು, ಕುರ್ಚಿ ಹಾಕಿ, ಚಹಾ ಕೊಟ್ಟಳು. ಕಾಕಾ ಬೀಗರ ಮೊಣಕೈ ಹಿಡಿದು, ಬಹಳ ಮರ್ಯಾದೆಯಿಂದಲೇ, ಹೊರಗೆ ಕರೆದೊಯ್ದು ಕಳೆ ಕೀಳುವ ಯಲ್ಲವ್ವನ ಹಿಂದೆ ನಿಲ್ಲಿಸಿದ.

"ಬೀಗರನ್ನ ಬಿಸಲಾಗ ನಿಂದರಸ್ತೀರೇನ್ರಿ?" ಎಂದು ಕಾಕಿ ಹಲ್ಲು ಕಚ್ಚಿದಳು.

"ಯಲ್ಲವ್ವ ಮೊದಲ ಬಂದಾಳ. ಬೀಗರಿಗೆ ಬ್ಯಾರೆ ಬಿಸಲ ಐತೇನ?"

ಬೀಗರು ಚಹಾ ಬಿಟ್ಟು ಹೋದರು, ಅವರ ಬೆನ್ನಿಗೇ ಮಸಗುಪ್ಪಿಯೂ ಹೋಯಿತು. ಕಾಕಾ ಸೋತ. ಅಂಗಳ ಬರಿದಾಯಿತು, ಕಾಕಿ ಊಟಕ್ಕೆ ಕರೆಯುವಷ್ಟೇ ಮಾತಾಡಿದಳು. ಆದರೂ ಅವನು ಗೆರೆ ಎಳೆಯುವುದನ್ನು ಬಿಡಲಿಲ್ಲ. ಯಾರೂ ಬಾರದ ಅಂಗಳದಲ್ಲಿ ಬಗ್ಗಿಕೊಂಡು ಕಲಸಿದ ಸುಣ್ಣ ಎಳೆಯುವ ಅವನನ್ನು ನೋಡಿದರೆ ನನಗೆ ಅಳು ಬರುತ್ತಿತ್ತು.

ಕಾಕಾ ತೀರಿಕೊಂಡ ದಿನ ವಿಭೂತಿ ಹಚ್ಚಿ ಕಟ್ಟೆಯ ಮೇಲೆ ಕೂರಿಸಿದ್ದರು. ಗೆರೆ ಎಳೆಯಲು ಯಾರಿಗೂ ನೆನಪಾಗಿರಲಿಲ್ಲ. ಆದರೂ ಬಂದವರೆಲ್ಲ ಒಬ್ಬರ ಹಿಂದೊಬ್ಬರು ನಿಂತಿದ್ದರು, ಬೇವಿನ ಗಿಡ ದಾಟಿ ಹಾದಿಯವರೆಗೆ. ಅಷ್ಟರಲ್ಲಿ ಘಟಪ್ರಭಾ ಕಡೆಯಿಂದ ಕಾರುಗಳ ಸಾಲಿನೊಂದಿಗೆ ಮಂತ್ರಿಗಳೊಬ್ಬರು ಬಂದು, ಹಾರ ಹಿಡಿದು ನೆಟ್ಟಗೆ ಮುಂದಕ್ಕೆ ನಡೆದರು. ಯಲ್ಲವ್ವ ಕೈ ಅಡ್ಡ ಹಿಡಿದಳು.

"ಪಾಳಿ ಹಚ್ರಿ, ಸಾಹೇಬ್ರ."

ಮಂತ್ರಿಗಳು ದಿಕ್ಕು ತೋಚದೆ ಸುತ್ತ ನೋಡಿದರು. ಯಲ್ಲವ್ವನ ಹಿಂದೆ, ಬಿಸಿಲಲ್ಲಿ ಬೆವರುತ್ತ, ಮಸಗುಪ್ಪಿಯ ಬೀಗರು ನಿಂತಿದ್ದರು. ಅವರೇ ಮೆಲ್ಲಗೆ ಹಾದಿಯತ್ತ ಕೈ ತೋರಿಸಿದರು.

"ಹಿಂದಿನಿಂದ ಬರ್ರಿ. ನಾವೂ ಹಂಗ ಬಂದೇವಿ."

ಮಂತ್ರಿಗಳು ಹಾರ ಹಿಡಿದುಕೊಂಡು ಬೇವಿನ ಗಿಡ ದಾಟಿ ಹೋಗಿ ನಿಂತರು. ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕಾಕಾನ ಕಿವಿಯ ಬಳಿ ಬಗ್ಗಿದಳು.

"ಈಗ ಗೆದ್ರಿ ನೋಡ್ರಿ," ಎಂದಳು.